ಶೇಕ್ಸ್‌ಪಿಯರ್ ಕಾಲದ ನಾಟಕಗಳ ಇಂಗ್ಲಿಷ್: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ ನಾವೊಂದು ಏಳೆಂಟು ಜನ ಒಬ್ಬರ ಮನೆಯಲ್ಲಿ ಸೇರಿ ಹಳೇ ಇಂಗ್ಲಿಷ್ ನಾಟಕಗಳನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತೇವೆ. ಇಂಗ್ಲಿಷ್ ಮೇಷ್ಟ್ರು ಯಾರೂ ಇಲ್ಲ. ನಾನೂ ಅಲ್ಲ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಮಾತ್ರ ಪ್ರತಿ ಸಲವೂ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಚಹಾ ಆರುವ ಮೊದಲೇ ಓದು ಶುರು ಮಾಡಬಹುದಲ್ಲ ಅನ್ನಿಸಿತು.

ಎಲಿಜಬೆತನ್ ನಾಟಕ ಅಂದ್ರೆ ಶೇಕ್ಸ್‌ಪಿಯರ್ ಒಬ್ಬನೇ ಅಲ್ವಾ?

ಅಲ್ಲ. ಒಂದನೇ ಎಲಿಜಬೆತ್ ರಾಣಿ 1558ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದಳು. ಆ ಕಾಲದಲ್ಲಿ ಥಾಮಸ್ ಕಿಡ್ ಇದ್ದ, ಬೆನ್ ಜಾನ್ಸನ್ ಇದ್ದ, ಎಲ್ಲಕ್ಕಿಂತ ಮುಖ್ಯವಾಗಿ ಕ್ರಿಸ್ಟೋಫರ್ ಮಾರ್ಲೋ ಇದ್ದ. ಮಾರ್ಲೋ, ಶೇಕ್ಸ್‌ಪಿಯರ್ ಇಬ್ಬರೂ 1564ರಲ್ಲಿ ಹುಟ್ಟಿದವರು. ಮಾರ್ಲೋ 29ನೇ ವಯಸ್ಸಿಗೇ ಚೂರಿ ಇರಿತಕ್ಕೆ ಸಿಕ್ಕಿ ಸತ್ತ. ಅವನು ಇನ್ನೊಂದಿಪ್ಪತ್ತು ವರ್ಷ ಬದುಕಿದ್ದರೆ ಈ ಪುಟದ ತಲೆಬರಹವೇ ಬೇರೆ ಇರುತ್ತಿತ್ತೋ ಏನೋ.

ಇಲ್ಲಿ ‘ಮ್ಯಾಕ್‌ಬೆತ್’, ‘ಟೆಂಪೆಸ್ಟ್’ ನಾಟಕಗಳನ್ನೂ ಎಳೆದು ತಂದಿದ್ದೇನೆ. ಲೆಕ್ಕಕ್ಕೆ ಅವು ಮುಂದಿನ ರಾಜ ಜೇಮ್ಸ್‌ನ ಕಾಲದವು. ಭಾಷೆ ಮಾತ್ರ ಅದೇ.

ಇದು ನಮ್ಮ ಹಳಗನ್ನಡದ ಹಾಗೆ ಹಳೇ ಇಂಗ್ಲಿಷಾ?

ಅಷ್ಟೊಂದು ಹೆದರಬೇಡಿ. ನಿಜವಾದ ಹಳೇ ಇಂಗ್ಲಿಷ್ ಇದಕ್ಕಿಂತ ಐದಾರು ನೂರು ವರ್ಷ ಹಿಂದಿನದು. ಅದನ್ನು ಇವತ್ತಿನ ಇಂಗ್ಲಿಷರೂ ಪಾಠ ಹೇಳಿಸಿಕೊಳ್ಳದೆ ಓದಲಾರರು. ಹೋಲಿಕೆ ಬೇಕಾದರೆ ಹೀಗೆ ನೋಡಿ: ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಎನ್ನುತ್ತಾರೆ. ಶೇಕ್ಸ್‌ಪಿಯರ್ ಹುಟ್ಟಿದ ವರ್ಷವೇ. ದಾಸರ ಪದ ಕೇಳುವಾಗ ನಾವು ನಿಘಂಟು ಹಿಡಿದು ಕೂರುವುದಿಲ್ಲ, ಅಲ್ವಾ? ಅಲ್ಲೊಂದು ಇಲ್ಲೊಂದು ಪದ ಕೈಕೊಡುತ್ತದೆ, ಹಾಡು ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಇದೂ ಹಾಗೇ.

ಹಾಗಾದ್ರೆ ಯಾಕೆ ಅರ್ಥ ಆಗಲ್ಲ? ಯಾವ ಪದ ಕಲಿಯಬೇಕು?

ಗೊತ್ತಿಲ್ಲದ ಪದದಿಂದ ಅಂಥ ತೊಂದರೆ ಇಲ್ಲ. ಎಡವಿದ ತಕ್ಷಣ ನಿಂತು ಕೆಳಗಿನ ಟಿಪ್ಪಣಿ ನೋಡುತ್ತೀರಿ. ಗೊತ್ತಿದೆ ಅಂದುಕೊಂಡ ಪದ ಇದೆಯಲ್ಲ, ಅದೇ ಮೋಸ ಮಾಡುವುದು. ಹಳಗನ್ನಡದಲ್ಲಿ ‘ತಿಂಗಳ್’ ಅಂದರೆ ಚಂದ್ರ. ಈಗಿನ ಕ್ಯಾಲೆಂಡರ್ ತಿಂಗಳು ಅಂತ ಓದಿಕೊಂಡರೆ ಪದ್ಯ ಎಲ್ಲಿಗೋ ಹೋಗುತ್ತದೆ. ‘ಬೆಳದಿಂಗಳು’ ಅನ್ನುವಾಗ ಆ ಹಳೇ ಅರ್ಥ ಇನ್ನೂ ನಮ್ಮ ಬಾಯಲ್ಲೇ ಇದೆ.

ಅತಿ ದೊಡ್ಡ ಬಲಿ ಜೂಲಿಯೆಟ್ಟೇ. ಉಪ್ಪರಿಗೆಯಲ್ಲಿ ನಿಂತು ‘ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಅನ್ನುತ್ತಾಳೆ. ಅದಕ್ಕೆ ‘ರೋಮಿಯೋ, ಎಲ್ಲಿದ್ದೀಯಾ’ ಅಂತ ಅರ್ಥ ಮಾಡಿಕೊಂಡು ಕಾಲೇಜು ನಾಟಕಗಳಲ್ಲಿ ಹಣೆಗೆ ಕೈ ಅಡ್ಡ ಹಿಡಿದು ತೋಟವೆಲ್ಲ ಹುಡುಕುತ್ತಾರೆ. ‘ವೇರ್‌ಫೋರ್’ ಅಂದರೆ ‘ಯಾಕೆ’. ‘ನೀನು ರೋಮಿಯೋನೇ ಯಾಕಾದೆ, ನಮ್ಮ ವೈರಿ ಮನೆಯ ಹೆಸರೇ ನಿನಗೆ ಯಾಕೆ ಬಂತು’ ಅನ್ನುವ ಸಂಕಟ ಅದು. ಮುಂದಿನ ಸಾಲಿನಲ್ಲೇ ‘ಅಪ್ಪನನ್ನು ಬಿಡು, ಹೆಸರನ್ನು ಬಿಡು’ ಅನ್ನುತ್ತಾಳೆ. ಎಲ್ಲಿದ್ದೀಯಾ ಅಂತ ಓದಿದರೆ ಆ ಮಾತಿಗೆ ತಲೆಬುಡ ಇರುವುದಿಲ್ಲ.

ಇಂಥವು ಇನ್ನಷ್ಟಿವೆ. ‘ಪ್ರೆಸೆಂಟ್ಲಿ’ ಅಂದರೆ ಆಮೇಲೆ ಅಲ್ಲ, ಈ ಕ್ಷಣವೇ. ‘ಲೆಟ್’ ಅಂದರೆ ಬಿಡು ಅಷ್ಟೇ ಅಲ್ಲ, ತಡೆ ಅಂತಲೂ ಆಗುತ್ತದೆ. ನನ್ನನ್ನು ‘ಲೆಟ್’ ಮಾಡುವವನನ್ನು ದೆವ್ವ ಮಾಡಿಬಿಡುತ್ತೇನೆ ಅಂತ ಹ್ಯಾಮ್ಲೆಟ್ ಕೂಗುವುದು ತಡೆಯಲು ಬಂದ ಗೆಳೆಯರಿಗೆ. ‘ನಾಟಿ’ ಅಂದರೆ ತುಂಟ ಅಲ್ಲ, ಕೆಟ್ಟ. ‘ಫಾಂಡ್’ ಅಂದರೆ ಎಷ್ಟೋ ಕಡೆ ಪೆದ್ದು. ‘ಸ್ಟಿಲ್’ ಅಂದರೆ ಯಾವಾಗಲೂ. ‘ನೈಸ್’ ಅಂದರೆ ಕೆಲವೊಮ್ಮೆ ಕ್ಷುಲ್ಲಕ. ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ನಾಟಕದ ನಾಯಕ, ಟ್ರಾಯ್ ಯುದ್ಧಕ್ಕೆ ಕಾರಣಳಾದ ಸುಂದರಿ ಹೆಲೆನ್‌ಳನ್ನು ನೋಡಿ, ಸಾವಿರ ಹಡಗು ಹೊರಡಿಸಿದ್ದು, ಟ್ರಾಯ್ ನಗರದ ‘ಟಾಪ್‌ಲೆಸ್’ ಗೋಪುರಗಳನ್ನು ಸುಟ್ಟಿದ್ದು ಈ ಮುಖವೇನಾ ಅನ್ನುತ್ತಾನೆ. ನಮ್ಮ ಗುಂಪಿನಲ್ಲಿ ಇಲ್ಲಿಗೆ ಬಂದಾಗ ಯಾರಾದರೂ ಕಿಸಕ್ಕನೆ ನಕ್ಕೇ ನಗುತ್ತಾರೆ. ತುದಿ ಕಾಣದಷ್ಟು ಎತ್ತರ ಅಂತ ಅದರ ಅರ್ಥ.

ಒಂದು ಪದ ಮಾತ್ರ ನಮಗೆ ಉಲ್ಟಾ ಸುಲಭ. ‘ಡೌಟ್’. ಇವತ್ತಿನ ಇಂಗ್ಲಿಷ್‌ನಲ್ಲಿ ಡೌಟ್ ಇದೆ ಅಂದರೆ ‘ಅದು ನಿಜ ಇರಲಿಕ್ಕಿಲ್ಲ’ ಅಂತ. ಹ್ಯಾಮ್ಲೆಟ್‌ಗೆ ಏನೋ ಮೋಸ ನಡೆದಿದೆ ಅಂತ ‘ಡೌಟ್’ ಬರುವಾಗ ಅದು ‘ಹಾಗೇ ಆಗಿರಬೇಕು’ ಅನ್ನುವ ಗುಮಾನಿ. ‘ನಂಗೆ ಡೌಟು ಕಣೋ, ಅವನೇ ಕದ್ದಿರ್ಬೇಕು’ ಅಂತ ನಾವು ದಿನಾ ಹೇಳುವುದು ಹ್ಯಾಮ್ಲೆಟ್‌ನ ಇಂಗ್ಲಿಷೇ.

‘ದೌ’, ‘ದೀ’, ‘ಯು’ ಎಲ್ಲಾ ಒಂದೇ ತಾನೇ?

ಈ ಪ್ರಶ್ನೆಗೆ ಇಂಗ್ಲಿಷ್ ಮಾತ್ರ ಬಲ್ಲವರು ಪಾಠ ಓದಿಯೇ ಉತ್ತರ ತಿಳಿಯಬೇಕು. ನಮಗೆ ಒಂದೇ ಮಾತು ಸಾಕು: ‘ದೌ’ ಅಂದರೆ ನೀನು, ‘ಯು’ ಅಂದರೆ ನೀವು. ‘ದೀ’ ನಿನ್ನನ್ನು, ‘ದೈ’ ನಿನ್ನ.

ಎಲ್ಲ ಕಡೆ ಗಣಿತದ ಹಾಗೆ ಕೂಡಿಬರುವುದಿಲ್ಲ ನಿಜ. ಕೆಲವೊಮ್ಮೆ ಸುಮ್ನೆ ಬದಲಾಯಿಸಿಬಿಡುತ್ತಾರೆ. ಆದರೆ ಬಿಸಿ ಏರಿದ ದೃಶ್ಯಗಳಲ್ಲಿ ಇದರ ಮೇಲೆ ಕಣ್ಣಿಡಿ. ಹ್ಯಾಮ್ಲೆಟ್ ಅಮ್ಮನ ಕೋಣೆಗೆ ಬರುತ್ತಾನೆ. ಅವಳು ಗಂಡ ಸತ್ತ ಮೇಲೆ ಮೈದುನನನ್ನು ಮದುವೆಯಾಗಿದ್ದಾಳೆ. ಮಾತು ಹೀಗೆ ಸಾಗುತ್ತದೆ:

‘ಹ್ಯಾಮ್ಲೆಟ್, ನೀನು ನಿನ್ನ ಅಪ್ಪನ ಮನಸ್ಸು ತುಂಬಾ ನೋಯಿಸಿದ್ದೀಯ.’
‘ಅಮ್ಮಾ, ನೀವು ನನ್ನ ಅಪ್ಪನ ಮನಸ್ಸು ತುಂಬಾ ನೋಯಿಸಿದ್ದೀರಿ.’
‘ಸಾಕು ಸಾಕು, ನೀವು ಕೊಡ್ತಿರೋದು ತಲೆಹರಟೆ ಉತ್ತರ.’

ಅವಳು ‘ಅಪ್ಪ’ ಅಂದದ್ದು ಹೊಸ ಗಂಡನನ್ನು. ಅವನು ‘ಅಪ್ಪ’ ಅಂದದ್ದು ಸತ್ತವನನ್ನು. ಅದು ಎಲ್ಲರಿಗೂ ಕಾಣುತ್ತದೆ. ಮೂರನೇ ಸಾಲು ನೋಡಿ. ‘ನೀನು’ ಅಂತ ಶುರು ಮಾಡಿದ ತಾಯಿ ಒಂದೇ ಏಟಿಗೆ ‘ನೀವು’ ಅಂದುಬಿಟ್ಟಳು. ಬೆಳೆದ ಮಗ ಎದುರಾಡಿದಾಗ ‘ಓಹೋ, ನೀವು ದೊಡ್ಡೋರು, ನಿಮಗೆ ಹೇಳೋರು ಯಾರು’ ಅಂತ ನಮ್ಮ ಅಮ್ಮಂದಿರು ಅನ್ನುವುದಿಲ್ಲವೇ? ಅದೇ ಧಾಟಿ. ಈಗಿನ ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಯು’ ಒಂದೇ ಇರುವುದರಿಂದ ಅವರು ಈ ಪೆಟ್ಟನ್ನು ಟಿಪ್ಪಣಿ ಓದಿ ತಿಳಿಯಬೇಕು. ನಮಗದು ನೇರ ಕಿವಿಗೆ ಬೀಳುತ್ತದೆ.

ಒಂದು ವ್ಯತ್ಯಾಸ ನೆನಪಿರಲಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಮ್ಮನನ್ನು ‘ನೀನು’ ಅನ್ನುವುದೇ ಸಲಿಗೆ. ಅಲ್ಲಿನ ದೊಡ್ಡ ಮನೆತನಗಳಲ್ಲಿ ಮಗ ತಾಯಿಗೆ ‘ಯು’ ಅನ್ನುವುದೇ ರೂಢಿ. ಹಾಗಾಗಿ ಹ್ಯಾಮ್ಲೆಟ್‌ನ ‘ನೀವು’ ಮರ್ಯಾದೆ ಮೀರಿದ್ದಲ್ಲ. ಆ ಮರ್ಯಾದೆಯ ಒಳಗೇ ಚೂರಿ ಇದೆ. ದೇವರಿಗೆ ಮಾತ್ರ ಅವರೂ ನಮ್ಮ ಹಾಗೆ ‘ನೀನು’ ಅಂತಲೇ ಅನ್ನುತ್ತಿದ್ದರು.

ಏಕವಚನದಲ್ಲಿ ಬೈಯುವುದೂ ಇತ್ತು. 1603ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನಿಕನಾಗಿದ್ದ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ತುಂಬಿದ ಕೋರ್ಟಿನಲ್ಲಿ ‘ನಿನ್ನನ್ನು ದೌ ಅಂತಲೇ ಕರೀತೀನಿ, ದ್ರೋಹಿ’ ಅಂದ. ‘ದೌ’ ಅನ್ನುವುದನ್ನೇ ಕ್ರಿಯಾಪದ ಮಾಡಿಕೊಂಡು ಅಂದ.

‘ಬ್ಲ್ಯಾಂಕ್ ವರ್ಸ್’ ಅಂದ್ರೇನು? ಪದ್ಯ ಅಂತೀರಿ, ಪ್ರಾಸವೇ ಇಲ್ಲ?

ಪ್ರಾಸ ಇಲ್ಲ, ಲಯ ಇದೆ. ಅದೇ ಬ್ಲ್ಯಾಂಕ್ ವರ್ಸ್. ಒಂದು ಸಾಲಿಗೆ ಹತ್ತು ಉಚ್ಚಾರ, ಅದರಲ್ಲಿ ಐದಕ್ಕೆ ಒತ್ತು. ಬಾಯಲ್ಲಿ ಹೀಗೆ ಹೇಳಿ ನೋಡಿ: ತ‑ಧೀಂ ತ‑ಧೀಂ ತ‑ಧೀಂ ತ‑ಧೀಂ ತ‑ಧೀಂ. ರೋಮಿಯೋ ಉಪ್ಪರಿಗೆಯ ಬೆಳಕು ನೋಡಿ ಹೇಳುವ ಸಾಲು ಸರಿಯಾಗಿ ಇದೇ ಅಳತೆಗೆ ಕೂರುತ್ತದೆ: ‘ಬಟ್ ಸಾಫ್ಟ್, ವಾಟ್ ಲೈಟ್ ಥ್ರೂ ಯಾಂಡರ್ ವಿಂಡೋ ಬ್ರೇಕ್ಸ್’. ನಾವು ಮಾತ್ರೆ ಎಣಿಸಿ ಬೆಳೆದವರು. ಇಲ್ಲಿ ಎಣಿಸಬೇಕಾದ್ದು ಹ್ರಸ್ವ, ದೀರ್ಘವನ್ನಲ್ಲ, ಒತ್ತನ್ನು. ಮೊದಮೊದಲು ನಾಲಿಗೆ ತೊಡರುತ್ತದೆ.

ಈ ಛಂದಸ್ಸಿನ ಮೊದಲ ಇಂಗ್ಲಿಷ್ ನಾಟಕ ‘ಗಾರ್ಬೊಡಕ್’. 1562ರಲ್ಲಿ ರಾಣಿಯ ಎದುರು ಆಡಿದರು. ಅದನ್ನು ಓದಲು ನಾನು ಯಾರಿಗೂ ಹೇಳುವುದಿಲ್ಲ, ಲಯ ಗಡಿಯಾರದ ಟಿಕ್ ಟಿಕ್ ಹಾಗೆ. ಅದಕ್ಕೆ ಜೀವ ಕೊಟ್ಟವನು ಮಾರ್ಲೋ. ಆಮೇಲೆ ಶೇಕ್ಸ್‌ಪಿಯರ್ ಅದನ್ನು ಬೇಕಾದ ಕಡೆ ಮುರಿಯಲು ಕಲಿತ. ‘ಟು ಬಿ ಆರ್ ನಾಟ್ ಟು ಬಿ, ದಟ್ ಇಸ್ ದ ಕ್ವೆಶ್ಚನ್’ ಬೆರಳು ಮಡಚಿ ಎಣಿಸಿ. ಹನ್ನೊಂದು. ಮುಂದಿನ ಮೂರು ಸಾಲೂ ಹನ್ನೊಂದೇ. ಕೊನೆಗೆ ಒತ್ತಿಲ್ಲದ ಒಂದು ಉಚ್ಚಾರ ಹೆಚ್ಚಾಗಿ ನೇತಾಡುತ್ತದೆ. ತೀರ್ಮಾನಕ್ಕೆ ಬರಲಾರದವನ ಮಾತು ಗಟ್ಟಿಯಾಗಿ ನೆಲಕ್ಕೆ ಕಾಲೂರುವುದೇ ಇಲ್ಲ. ‘ಕಿಂಗ್ ಲಿಯರ್’ನ ಕೊನೆಗೆ ಸತ್ತ ಮಗಳನ್ನು ಎತ್ತಿಕೊಂಡ ಮುದುಕ ‘ನೆವರ್’ ಅಂತ ಐದು ಸಲ ಅನ್ನುತ್ತಾನೆ. ಇಡೀ ಸಾಲು ಅಷ್ಟೇ. ‘ನೆವರ್’ನಲ್ಲಿ ಒತ್ತು ಮೊದಲು ಬರುತ್ತದೆ, ತ‑ಧೀಂ ಪೂರ್ತಿ ತಲೆಕೆಳಗಾಗಿ ಧೀಂ‑ತ ಆಗುತ್ತದೆ. ಇದನ್ನು ಗಟ್ಟಿಯಾಗಿ ಓದಿದ ಸಂಜೆ ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಸರಳ ರಗಳೆ. ಲಲಿತ ರಗಳೆಯ ಪ್ರಾಸ ಕಿತ್ತು, ಐದು ಮಾತ್ರೆಯ ನಾಲ್ಕು ಗಣ ಉಳಿಸಿಕೊಂಡು ನಮ್ಮ ಕವಿಗಳು ನಾಟಕ ಬರೆದರು. ಬ್ಲ್ಯಾಂಕ್ ವರ್ಸ್ ಓದಿದ ಮೇಲೆಯೇ ಅವರಿಗೆ ಆ ದಾರಿ ಹೊಳೆದದ್ದು.

ನಡುವೆ ಗದ್ಯ ಯಾಕೆ ಬರುತ್ತೆ?

ಆಳುಕಾಳುಗಳಿಗೆ ಗದ್ಯ, ರಾಜರಿಗೆ ಪದ್ಯ ಅಂತ ಗೈಡುಗಳಲ್ಲಿ ಇರುತ್ತದೆ. ನಾನು ಅದನ್ನೇ ಉರುಹೊಡೆದು ಪಾಸಾದವನು. ಪೂರ್ತಿ ಸುಳ್ಳಲ್ಲ, ಆದರೆ ಮಜಾ ಇರುವುದು ಅದು ತಪ್ಪುವ ಕಡೆ. ‘ಜೂಲಿಯಸ್ ಸೀಸರ್’ನಲ್ಲಿ ಸೀಸರ್‌ನ ಹೆಣದ ಮುಂದೆ ಬ್ರೂಟಸ್ ಜನರಿಗೆ ಗದ್ಯದಲ್ಲಿ ಭಾಷಣ ಮಾಡುತ್ತಾನೆ. ಅಳೆದು ತೂಗಿದ ವಾದ, ವಕೀಲರ ಹಾಗೆ. ಅವನು ಇಳಿದ ಮೇಲೆ ಆಂಟನಿ ಹತ್ತುತ್ತಾನೆ, ಪದ್ಯದಲ್ಲಿ ಶುರು ಮಾಡುತ್ತಾನೆ. ಊರು ಹೊತ್ತಿಕೊಳ್ಳುವುದು ಯಾರ ಮಾತಿಗೆ ಅಂತ ನಿಮಗೆ ಗೊತ್ತೇ ಇದೆ. ಇನ್ನೊಂದು ಕಡೆ, ರಾಣಿಯಾದ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವಾಗ ಪದ್ಯ ಕಳೆದುಕೊಳ್ಳುತ್ತಾಳೆ. ಮನಸ್ಸಿನ ತಾಳ ತಪ್ಪಿದೆ, ಮಾತಿನದೂ ತಪ್ಪಿದೆ.

ಸರಳವಾಗಿ ಹೇಳೋದನ್ನ ಯಾಕೆ ಅಷ್ಟು ದೊಡ್ಡ ದೊಡ್ಡ ಪದದಲ್ಲಿ ಹೇಳ್ತಾರೆ?

ಕೆಲವು ಕಡೆ ಸುಮ್ನೆ ಜಂಬಕ್ಕೇ. ಆಗ ಲ್ಯಾಟಿನ್‌ನಿಂದ ಹೊಸ ಪದಗಳು ಹೊಳೆಯಂತೆ ಇಂಗ್ಲಿಷ್‌ಗೆ ಬರುತ್ತಿದ್ದವು. ದೊಡ್ಡ ಪದ ಬಳಸಿ ಎಡವುವವರನ್ನು ನಾಟಕದವರೇ ಗೇಲಿ ಮಾಡಿದ್ದಾರೆ.

ಆದರೆ ಒಳ್ಳೆಯ ಕಡೆ ನೋಡೋಣ. ಮ್ಯಾಕ್‌ಬೆತ್ ಈಗಷ್ಟೇ ರಾಜನನ್ನು ಕೊಂದು ಬಂದಿದ್ದಾನೆ. ಕೈಯೆಲ್ಲ ರಕ್ತ. ಸಮುದ್ರದ ನೀರೆಲ್ಲ ಸುರಿದರೂ ಇದು ಹೋದೀತೇ ಅಂತ ಕೇಳಿಕೊಂಡು, ಇಲ್ಲ, ನನ್ನ ಕೈಯೇ ‘ದ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’ ಅನ್ನುತ್ತಾನೆ. ಮಲ್ಟಿಟ್ಯೂಡಿನಸ್, ಇನ್‌ಕಾರ್ನಡೈನ್: ಎರಡೂ ಭಾರೀ ಲ್ಯಾಟಿನ್ ಪದ. ಬಾಯಿ ತುಂಬಿ ಅಲೆ ಎದ್ದ ಹಾಗೆ ಬರುತ್ತವೆ. ಒಂದು ಪೆನ್ನಿ ಕೊಟ್ಟು ಅಂಗಳದಲ್ಲಿ ನಿಂತು ನೋಡುತ್ತಿದ್ದ ಪ್ರೇಕ್ಷಕನಿಗೆ ಅರ್ಥವಾಯಿತೋ ಇಲ್ಲವೋ. ತಕ್ಷಣ ಮುಂದಿನ ಸಾಲು: ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಹಸಿರನ್ನೆಲ್ಲ ಒಂದೇ ಕೆಂಪು ಮಾಡಿಬಿಡುತ್ತದೆ. ಚಿಕ್ಕ ಚಿಕ್ಕ ಮನೆಮಾತಿನ ಪದ, ಅದೇ ಅರ್ಥ. ‘ಅನಂತ ಸಾಗರಗಳನ್ನೇ ರಕ್ತವರ್ಣಗೊಳಿಸೀತು’ ಅಂದು, ಹಿಂದೆಯೇ ‘ನೀರೆಲ್ಲ ಕೆಂಪು’ ಅಂದ ಹಾಗೆ. ಸಂಸ್ಕೃತವನ್ನೂ ಅಚ್ಚಗನ್ನಡವನ್ನೂ ಅಕ್ಕಪಕ್ಕ ಇಟ್ಟು ಕೆಲಸ ತೆಗೆಯುವುದು ನಮಗೆ ಹೊಸದಲ್ಲ, ಅಲ್ವಾ?

ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು ‘ಚೂರು ನೀರು ಹಾಕಿದ್ರೆ ಹೋಗುತ್ತೆ’ ಅನ್ನುತ್ತಾಳೆ. ಇಡೀ ಸಮುದ್ರಕ್ಕೆ ಒಂದು ಚೊಂಬು ನೀರಿನ ಉತ್ತರ.

ಅವರು ರಾತ್ರಿ, ಚಳಿ, ಬೆಳಗು ಅಂತ ಅಷ್ಟು ವರ್ಣನೆ ಯಾಕೆ ಮಾಡ್ತಾರೆ?

ನಾಟಕ ನಡೆಯುತ್ತಿದ್ದದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಮೇಲೆ ಸೂರಿಲ್ಲದ ಅಂಗಳದಲ್ಲಿ. ದೀಪ ಆರಿಸಿ ಕತ್ತಲು ಮಾಡುವ ಹಾಗಿಲ್ಲ. ‘ಗಂಟೆ ಹನ್ನೆರಡಾಯ್ತು, ಹೋಗಿ ಮಲಗು’, ‘ಭಾರೀ ಚಳಿ’ ಅಂತ ‘ಹ್ಯಾಮ್ಲೆಟ್’ನ ಕಾವಲುಗಾರರು ಹೇಳಿದ ಮೇಲೆಯೇ ಅಲ್ಲಿ ನಡುರಾತ್ರಿ. ಹ್ಯಾಮ್ಲೆಟ್ ಕೂಡ ನಾಳೆ ನಾಟಕ ‘ಕೇಳೋಣ’ ಅನ್ನುತ್ತಾನೆ. ನಾವು ತಾಳಮದ್ದಳೆ ಕೇಳಲು ಹೋಗುವ ಹಾಗೆ.

ಉಚ್ಚಾರಣೆ ಹೇಗೆ? ಬ್ರಿಟಿಷ್ ಧಾಟಿಯಲ್ಲೇ ಓದಬೇಕಾ?

ಬೇಡವೇ ಬೇಡ. ಇವತ್ತಿನ ಲಂಡನ್ ಧಾಟಿ ಆಗ ಇರಲೇ ಇಲ್ಲ. ಆಗ ಪದದ ಕೊನೆಯ ‘ರ್’ ಕೇಳುತ್ತಿತ್ತು. ನಾವು ‘ಫಾದರ್’ ಅಂತ ಗಟ್ಟಿಯಾಗಿ ಹೇಳಿ ನಗಿಸಿಕೊಳ್ಳುತ್ತೇವಲ್ಲ, ಆ ಒಂದು ವಿಷಯದಲ್ಲಿ ನಾವೇ ಹತ್ತಿರ. 2004ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಭಾಷಾತಜ್ಞ ಡೇವಿಡ್ ಕ್ರಿಸ್ಟಲ್ ಅವರ ನೆರವಿನಿಂದ ‘ರೋಮಿಯೋ ಅಂಡ್ ಜೂಲಿಯೆಟ್’ ಅನ್ನು ಹಳೇ ಉಚ್ಚಾರಣೆಯಲ್ಲೇ ಆಡಿದರು. ಆ ಉಚ್ಚಾರಣೆಯಲ್ಲಿ ‘ಲವ್’, ‘ಪ್ರೂವ್’ ಪ್ರಾಸ ಕೂಡುತ್ತವೆ, ‘ರೀಸನ್’ ಅಂದರೆ ‘ರೇಸಿನ್’ ಅಂದ ಹಾಗೆ ಕೇಳುತ್ತದೆ. ಕಾರಣ ಕೊಡು ಅಂದರೆ ಶೇಕ್ಸ್‌ಪಿಯರ್‌ನ ಹಾಸ್ಯ ಪಾತ್ರ ಫಾಲ್‌ಸ್ಟಾಫ್ ಇದ್ದಕ್ಕಿದ್ದ ಹಾಗೆ ಬ್ಲ್ಯಾಕ್‌ಬೆರಿ ಹಣ್ಣಿನ ಮಾತು ಯಾಕೆ ತೆಗೆದ ಅಂತ ಆಗ ತಿಳಿಯುತ್ತದೆ. ಒಣದ್ರಾಕ್ಷಿಯ ಶ್ಲೇಷೆ ಅದು.

ಒಂದು ಸಣ್ಣ ಕಿವಿಮಾತು: ‘ಬ್ಯಾನಿಶ್ಡ್’ ತರಹದ ಪದಗಳನ್ನು ಲಯಕ್ಕೆ ಬೇಕಾದಾಗ ‘ಬ್ಯಾ‑ನಿ‑ಶೆಡ್’ ಅಂತ ಮೂರು ತುಂಡು ಮಾಡಿ ಹೇಳಬೇಕು. ಎಲ್ಲಿ ಅಂತ ಹತ್ತರ ಎಣಿಕೆಯೇ ಹೇಳುತ್ತದೆ.

ಶೇಕ್ಸ್‌ಪಿಯರ್ ಸಾವಿರಾರು ಪದ ಹುಟ್ಟಿಸಿದ ಅನ್ನೋದು ನಿಜವಾ?

ಅಷ್ಟೊಂದಿಲ್ಲ. ದೊಡ್ಡ ಇಂಗ್ಲಿಷ್ ನಿಘಂಟು ಮಾಡಿದವರು ಪ್ರತಿ ಪದ ಮೊದಲು ಎಲ್ಲಿ ಸಿಗುತ್ತದೆ ಅಂತ ಹುಡುಕುವಾಗ ಶೇಕ್ಸ್‌ಪಿಯರ್‌ನನ್ನು ಬಾಚಿ ಬಾಚಿ ಓದಿದ್ದರು, ಬೇರೆಯವರನ್ನು ಅಷ್ಟು ಓದಿರಲಿಲ್ಲ. ಈಗ ಹಳೇ ಪುಸ್ತಕಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಎಷ್ಟೋ ಪದ ಅವನಿಗಿಂತ ಮೊದಲೇ ಸಿಗುತ್ತಿವೆ.

ನನಗೆ ಕಾಣುವ ಅವನ ನಿಜವಾದ ಕೈಚಳಕ ಬೇರೆ. ಇದ್ದ ಪದದ ಜಾತಿಯನ್ನೇ ಬದಲಾಯಿಸಿಬಿಡುತ್ತಾನೆ. ‘ಎರಡನೇ ರಿಚರ್ಡ್’ ನಾಟಕದಲ್ಲಿ ‘ಅಂಕಲ್’ ಅಂದ ಸೋದರನ ಮಗನಿಗೆ ಯಾರ್ಕ್ ‘ಅಂಕಲ್ ಮಿ ನೋ ಅಂಕಲ್’ ಅನ್ನುತ್ತಾನೆ. ‘ನನಗೆ ಚಿಕ್ಕಪ್ಪ ಗಿಕ್ಕಪ್ಪ ಅನ್ಬೇಡ’ ಅಂತ. ನಾಮಪದವನ್ನು ಕ್ರಿಯಾಪದ ಮಾಡಲು ನಮಗೆ ‘ಇಸು’ ಬೇಕು, ‘ಫೋನಾಯಿಸು’ ಅಂದ ಹಾಗೆ. ಅವನಿಗೆ ಅದೂ ಬೇಡ.

‘ಜೌಂಡ್ಸ್’, ‘ಮ್ಯಾರಿ’ ಅಂದ್ರೇನು?

ಆಣೆ. ‘ಜೌಂಡ್ಸ್’ ಅಂದರೆ ದೇವರ ಗಾಯದಾಣೆ, ‘ಮ್ಯಾರಿ’ ಅಂದರೆ ಮೇರಿಮಾತೆಯಾಣೆ. 1606ರಲ್ಲಿ ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ ಹತ್ತು ಪೌಂಡ್ ದಂಡ ಅಂತ ಕಾನೂನು ಬಂತು. ಶೇಕ್ಸ್‌ಪಿಯರ್ ನಾಟಕಗಳನ್ನು ಒಟ್ಟುಗೂಡಿಸಿದ 1623ರ ದೊಡ್ಡ ಸಂಪುಟದಲ್ಲಿ ‘ಒಥೆಲೋ’ದ ಎಷ್ಟೋ ಆಣೆಗಳು ಮಾಯವಾಗಿರುವುದು ಅದರಿಂದಲೇ ಇರಬೇಕು.

ಕನ್ನಡ ಅನುವಾದ ಓದಿದ್ರೆ ಸಾಲದಾ?

ಕಥೆಗೆ ಸಾಕು, ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಮಾಸ್ತಿಯವರು ಅನುವಾದಿಸಿದ್ದಾರೆ. ಕುವೆಂಪು ‘ಹ್ಯಾಮ್ಲೆಟ್’ ಅನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಮಾಡಿದರು, ‘ಟೆಂಪೆಸ್ಟ್’ ಅನ್ನು ‘ಬಿರುಗಾಳಿ’ ಮಾಡಿದರು. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಮೂಲಕ್ಕೆ ಹೋಗಿ. ಕಥೆಯ ಚಿಂತೆ ತಪ್ಪಿದರೆ ಕಿವಿ ಬಿಡುವಾಗುತ್ತದೆ. ನಮ್ಮ ಗುಂಪಿನಲ್ಲಿ ಅರ್ಧ ಜನ ಮಾಡುವುದು ಹೀಗೇ.

ಎಲ್ಲಿಂದ ಶುರು ಮಾಡಲಿ?

‘ಜೂಲಿಯಸ್ ಸೀಸರ್’ನಿಂದ. ಪದಗಳು ತಿಳಿ, ವಾಕ್ಯ ನೇರ. ‘ಮ್ಯಾಕ್‌ಬೆತ್’ ಚಿಕ್ಕದು ಅಂತ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಆದರೆ ಅದರ ಭಾಷೆ ಗಟ್ಟಿ ಚಕ್ಕುಲಿ. ಒಂದು ಪುಟದಲ್ಲಿ ನಾಟಕ, ಎದುರು ಪುಟದಲ್ಲಿ ಅರ್ಥ ಇರುವ ಫೋಲ್ಜರ್ (ಅಮೆರಿಕದ ಒಂದು ಶೇಕ್ಸ್‌ಪಿಯರ್ ಗ್ರಂಥಾಲಯ) ಆವೃತ್ತಿ ಸಿಕ್ಕರೆ ಒಳ್ಳೆಯದು. ಬರೀ ನಾಟಕದ ಪಠ್ಯ ಅವರ ತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಮೊದಲ ದಿನವೇ ಮೊದಲ ಪುಟದಿಂದ ಓದಬೇಕಾಗಿಲ್ಲ. ಮೂರನೇ ಅಂಕದ ಎರಡನೇ ದೃಶ್ಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು ಆಂಟನಿಯ ಭಾಷಣವನ್ನು ಗಟ್ಟಿಯಾಗಿ ಓದಿ. ‘ಫಾರ್ ಬ್ರೂಟಸ್ ಇಸ್ ಆನ್ ಆನರಬಲ್ ಮ್ಯಾನ್’ ಅಂತ ಬರುತ್ತದೆ. ಈಗ ‘ಆನ್ರಬಲ್’ ಅಂತ ಮೂರೇ ತುಂಡಿನಲ್ಲಿ ಮುಗಿಸುತ್ತಾರೆ. ಲಯ ಕೇಳುವುದು ನಾಲ್ಕು: ಆ‑ನ‑ರ‑ಬಲ್. ಎಳೆದು ಹೇಳಿ. ಅದು ಮತ್ತೆ ಬರುತ್ತದೆ, ಇನ್ನೊಮ್ಮೆ ಬರುತ್ತದೆ. ಮೂರನೇ ಸಲಕ್ಕೆ ನಿಮ್ಮ ದನಿಯಲ್ಲಿ ನೀವು ಹಾಕದೇ ಇದ್ದ ವ್ಯಂಗ್ಯ ತಾನಾಗಿ ಬಂದಿರುತ್ತದೆ.